ಅಜ್ಜಿ ಮೂರು ರಾತ್ರಿಯಿಂದ ಮಲಗಿಲ್ಲವೇ? ಒಂದಿಷ್ಟು ಕಿವಿಮಾತು

ಬೆಂಗಳೂರಿನ ಎನ್.ಆರ್. ಕಾಲೋನಿಯ ಎಷ್ಟೋ ಮನೆಗಳಲ್ಲಿ ಈಗ ಉಳಿದಿರೋದು ಹಿರಿಯರೇ. ಮಕ್ಕಳು ವೈಟ್‌ಫೀಲ್ಡ್‌ನಲ್ಲೋ ಟೆಕ್ಸಾಸ್‌ನಲ್ಲೋ ಇರುತ್ತಾರೆ. ಅಪ್ಪನ ಬಿಪಿ, ಅಮ್ಮನ ಶುಗರ್ ಎಲ್ಲರ ಬಾಯಲ್ಲೂ ಇರುತ್ತೆ, ಮನಸ್ಸಿನ ಕಾಯಿಲೆ ಮಾತ್ರ ಯಾರಿಗೂ ಗೊತ್ತಾಗಬಾರದು. ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ಮಿತಿ ಮೀರಿ ಏರುತ್ತೆ, ಅದು ಉನ್ಮಾದ. ಇನ್ನು ಕೆಲವು ಕಾಲ ಪಾತಾಳಕ್ಕೆ ಇಳಿಯುತ್ತೆ, ಅದು ಖಿನ್ನತೆ. ವಯಸ್ಸಾಯಿತು ಅಂತ ಇದು ತಾನಾಗಿ ಬಿಟ್ಟುಹೋಗಲ್ಲ, ಕೆಲವರಿಗೆ ಅರವತ್ತು ದಾಟಿದ ಮೇಲೇ ಮೊದಲ ಸಲ ಕಾಣಿಸಿಕೊಳ್ಳುತ್ತೆ. ಔಷಧಿ ಇದೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತೆ. ಬಹಳ ಸಲ ಎಡವಟ್ಟಾಗೋದು ಮನೆಯ ಸಣ್ಣಪುಟ್ಟ ಮರೆವಿನಿಂದ. ನಮ್ಮತ್ತೆಯವರಿಗೆ ಈ ಕಾಯಿಲೆ ಇತ್ತು, ಅವರ ಕೊನೆಗಾಲದವರೆಗೂ ಜೊತೆಗಿದ್ದವಳು ನಾನು. ಆಮೇಲೆ ಸುತ್ತಮುತ್ತಲ ಬೀದಿಗಳ ಎಷ್ಟೋ ಮನೆಯವರು ಬಂದು ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೀನಿ.

• ನಿದ್ದೆಯ ಲೆಕ್ಕ ಇಡಿ. ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ರಾತ್ರಿ ಎಷ್ಟು ಗಂಟೆ ಮಲಗಿದರು ಅಂತ ಒಂದು ಅಂಕಿ ಬರೆಯಿರಿ. ವಯಸ್ಸಾದವರಿಗೆ ನಿದ್ದೆ ಕಡಿಮೆ ಅನ್ನೋದು ನಿಜ. ಆದರೆ ಮಲಗದ ಮಾರನೆಯ ದಿನ ಸಾಮಾನ್ಯವಾಗಿ ಆಯಾಸ ಇರುತ್ತೆ. ಎರಡು ಮೂರು ರಾತ್ರಿ ಮಲಗದೆಯೂ ಬೆಳಿಗ್ಗೆ ಚುರುಕಾಗಿ ಓಡಾಡುತ್ತಿದ್ದರೆ ಅದು ವಯಸ್ಸಿನ ನಿದ್ದೆಯಲ್ಲ. ಅವತ್ತೇ ವೈದ್ಯರಿಗೆ ಫೋನ್ ಮಾಡಿ.

• ನಿಮ್ಮ ಹಿರಿಯರ ಸೂಚನೆ ಯಾವುದು ಅಂತ ಕಂಡುಹಿಡಿದು ಇಟ್ಟುಕೊಳ್ಳಿ, ಒಬ್ಬೊಬ್ಬರದು ಒಂದೊಂದು. ನಮ್ಮತ್ತೆಗೆ ಏರು ಶುರುವಾಗುವ ಮೊದಲು ನಡುರಾತ್ರಿ ಹಿತ್ತಾಳೆ ಪಾತ್ರೆಗಳ ಮೇಲೆ ಪ್ರೀತಿ ಬರುತ್ತಿತ್ತು. ಅಟ್ಟದ ಮೇಲಿಂದ ಕೊಳದಪ್ಪಲೆ, ಪಂಚಪಾತ್ರೆ, ಯಾವತ್ತೂ ಬಳಸದ ಹಂಡೆ, ಎಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂರುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಪಾತ್ರೆ ಫಳಫಳ, ಬೆರಳ ತುದಿ ಕೆಂಪು. ನೆಂಟರೆಲ್ಲ 'ಈ ವಯಸ್ಸಲ್ಲೂ ಎಷ್ಟು ಚಟುವಟಿಕೆ' ಅನ್ನುತ್ತಿದ್ದರು. ನಾವು ಮಾತ್ರ ಡಬ್ಬಿಯಲ್ಲಿ ಹುಣಸೆಹಣ್ಣು ಎಷ್ಟು ಉಳಿದಿದೆ ಅಂತ ನೋಡಿ ಡಾಕ್ಟರ ಹತ್ತಿರ ಹೋಗೋದನ್ನ ಕಲಿತೆವು. ನಿಮ್ಮ ಮನೆಯಲ್ಲಿ ಅದು ಹಳೆಯ ಸ್ನೇಹಿತರಿಗೆಲ್ಲ ಸಾಲಾಗಿ ಫೋನ್ ಮಾಡೋದಿರಬಹುದು, ಇದ್ದಕ್ಕಿದ್ದಂತೆ ದಾನಧರ್ಮ ಜಾಸ್ತಿ ಆಗೋದಿರಬಹುದು.

• ಉನ್ಮಾದ ಅಂದರೆ ಖುಷಿಯಾಗಿ ಹಾಡಿ ಕುಣಿಯೋದು ಅಂತಲೇ ತಿಳಿಯಬೇಡಿ. ಹಿರಿಯರಲ್ಲಿ ಅದು ಬಹಳ ಸಲ ಸಿಡುಕಾಗಿ, ಅನುಮಾನವಾಗಿ, ನಿಲ್ಲದ ಮಾತಾಗಿ ಬರುತ್ತೆ. 'ಮಾವನವರಿಗೆ ವಯಸ್ಸಾಗಿ ಮುಂಗೋಪ ಬಂದಿದೆ' ಅಂತ ಸೊಸೆ ಒಬ್ಬಳೇ ತಿಂಗಳುಗಟ್ಟಲೆ ಸಹಿಸಿಕೊಂಡಿರುತ್ತಾಳೆ. ಹಾಗೆ ಸಹಿಸಬೇಡಿ, ತೋರಿಸಿ.

• ಅರವತ್ತು ದಾಟಿದ ಮೇಲೆ ಮೊದಲ ಸಲ ಹೀಗಾದರೆ ಬರೀ ಮನಸ್ಸಿನದು ಅಂತ ನಿರ್ಧಾರ ಮಾಡಿಬಿಡಬೇಡಿ, ಮೈಯನ್ನೂ ಪೂರ್ತಿ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಹೆಚ್ಚಾದರೂ, ಮೆದುಳಿನಲ್ಲಿ ಸಣ್ಣ ಸ್ಟ್ರೋಕ್ ಆದರೂ, ಬಿ12 ತೀರಾ ಕಡಿಮೆಯಾದರೂ ಮನಸ್ಸು ಹೀಗೆ ಏರಬಹುದು. ಉಬ್ಬಸಕ್ಕೋ ಕೀಲುನೋವಿಗೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಯಿಂದಲೂ ಆಗುತ್ತೆ. ಕೆಲವು ಬಗೆಯ ಮರೆವಿನ ಕಾಯಿಲೆ ಶುರುವಾಗೋದೂ ಹೀಗೇ, ಮರೆವು ಆಮೇಲೆ ಬರುತ್ತೆ. ಡಾಕ್ಟರು ತಲೆಯ ಸ್ಕ್ಯಾನ್ ಬೇಕು ಅಂದರೆ ದುಡ್ಡು ಉಳಿಸಲು ಹೋಗಬೇಡಿ. ಉಳಿತಾಯಕ್ಕೆ ಬೇರೆ ಜಾಗ ಇದೆ, ಮುಂದೆ ಹೇಳ್ತೀನಿ.

• ನಿನ್ನೆ ಸಂಜೆ ಸರಿಯಾಗಿದ್ದವರು ಇವತ್ತು ಬೆಳಿಗ್ಗೆ ನಿಮ್ಮ ಗುರುತು ತಪ್ಪಿ ಮಾತಾಡುತ್ತಿದ್ದರೆ, ಒಂದು ಗಳಿಗೆ ಸರಿ ಒಂದು ಗಳಿಗೆ ಗಲಿಬಿಲಿ ಆಗುತ್ತಿದ್ದರೆ, ಅದು ಸನ್ನಿ ಇರಬಹುದು. ಮೂತ್ರದ ಸೋಂಕು, ಜ್ವರ, ಸೋಡಿಯಂ ಇಳಿಯೋದು, ಹೊಸ ಮಾತ್ರೆ ಇವುಗಳಿಂದ ಬರುತ್ತೆ. ಸೋಮವಾರದವರೆಗೆ ಕಾಯಬೇಡಿ, ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.

• ಹಿಂದೆ ಯಾವಾಗಲಾದರೂ ಏರು ಬಂದಿದ್ದರೆ, ಖಿನ್ನತೆಗೆ ಮಾತ್ರೆ ಬರೆಯುವ ಪ್ರತಿ ಡಾಕ್ಟರಿಗೂ ಮೊದಲು ಆ ವಿಷಯ ಹೇಳಿ. ಬೈಪೋಲಾರ್ ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಮೇಲಕ್ಕೆ ಹಾರಿಬಿಡುವ ಅಪಾಯ ಇದೆ. ಮೂವತ್ತು ವರ್ಷದ ಹಿಂದೆ ಬಾಣಂತನದಲ್ಲಿ 'ಸ್ವಲ್ಪ ಹೆಚ್ಚುಕಮ್ಮಿ' ಆಗಿತ್ತು ಅಂತ ಮನೆಯಲ್ಲಿ ಪಿಸುಗುಡುತ್ತಾರಲ್ಲ, ಅದನ್ನೂ ಹೇಳಿ.

ಏರು ಬಂದ ಮೇಲೆ ಮನೆಯಲ್ಲಿ ಏನು ಮಾಡಬೇಕು ಅಂತ ಬಹಳ ಜನ ಕೇಳ್ತಾರೆ.

• ವಾದ ಮಾಡಬೇಡಿ. ಗೆಲ್ಲೋದಿಲ್ಲ, ಅವರ ರಾತ್ರಿಯೂ ಹಾಳು, ನಿಮ್ಮದೂ ಹಾಳು. 'ಆಯಿತಮ್ಮ, ಬೆಳಿಗ್ಗೆ ನೋಡೋಣ' ಅನ್ನಿ, ದೀಪ ಕಡಿಮೆ ಮಾಡಿ, ಟಿವಿ ಆರಿಸಿ. ಬಂದು ಹೋಗುವವರನ್ನ ಒಂದು ವಾರ ತಡೆಯಿರಿ. ಪ್ರೀತಿಯಿಂದ ಬರುವ ನೆಂಟರೇ ಆಗ ಬೆಂಕಿಗೆ ತುಪ್ಪ ಹಾಕೋದು.

• ಸ್ಕೂಟರಿನ ಬೀಗದಕೈ ಎತ್ತಿಡಿ. ಬುಲ್ ಟೆಂಪಲ್ ರಸ್ತೆಯ ಗಾಡಿಗಳ ಓಟ ನಿಮಗೆ ಗೊತ್ತೇ ಇದೆ.

• ಗಾಂಧಿ ಬಜಾರಿನಲ್ಲಿ ಅವರು ಕಾಯಂ ಹೋಗುವ ಅಂಗಡಿಯವರ ಹತ್ತಿರ ಮೊದಲೇ ಒಂದು ಮಾತು ಹೇಳಿಡಿ. ಸೀರೆ ಅಂಗಡಿ, ಹೂವಿನವರು, ಗ್ರಂಥಿಗೆ ಅಂಗಡಿ, ಎಲ್ಲರೂ ವರ್ಷಗಳಿಂದ ನೋಡಿದವರೇ. 'ಅಮ್ಮ ಜಾಸ್ತಿ ತಗೊಂಡರೆ ನನಗೊಂದು ಫೋನ್ ಮಾಡಿ, ಕಟ್ಟಿಡಿ, ನಾನು ಬಂದು ನೋಡ್ತೀನಿ' ಅಂದರೆ ಸಾಕು, ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಬಿಲ್ಲುಗಳನ್ನ ಬಿಸಾಡಬೇಡಿ, ಬಿಲ್ ಇದ್ದರೆ ಮಡಿಕೆ ಬಿಚ್ಚದ ಸೀರೆ ವಾಪಸ್ ಮಾಡೋದು ಸುಲಭ.

• ಫೋನಿನಲ್ಲಿ ಯುಪಿಐ ದಿನದ ಮಿತಿ ಕಡಿಮೆ ಮಾಡಿಸಿ. ಪಿಂಚಣಿ ಖಾತೆಯ ಒಂದು ಭಾಗವನ್ನ ಜಂಟಿ ಠೇವಣಿಗೆ ಹಾಕಿಸಿ. ಇದನ್ನೆಲ್ಲ ಅವರು ಚೆನ್ನಾಗಿರುವಾಗ, ಅವರ ಜೊತೆ ಕೂತು, ಅವರ ಒಪ್ಪಿಗೆಯಿಂದಲೇ ಮಾಡಿ. ಏರಿನಲ್ಲಿದ್ದಾಗ ಪಾಸ್‌ಬುಕ್ ಕಿತ್ತುಕೊಂಡರೆ ಮಗ ಕಳ್ಳ, ಸೊಸೆ ಕಳ್ಳಿ ಆಗ್ತಾರೆ, ಆ ಮಾತಿನ ಗಾಯ ಕಾಯಿಲೆ ಇಳಿದ ಮೇಲೂ ಉಳಿಯುತ್ತೆ.

• ಮನೆಯ ಪತ್ರಗಳನ್ನ ಬ್ಯಾಂಕ್ ಲಾಕರಿನಲ್ಲಿಡಿ. ಈ ಭಾಗದ ಹಳೆಯ ಮನೆಗಳ ಸೈಟಿಗೆ ಈಗ ಎಂಥ ಬೆಲೆ ಅಂತ ನಿಮಗಿಂತ ದಲ್ಲಾಳಿಗಳಿಗೆ ಚೆನ್ನಾಗಿ ಗೊತ್ತು. ಉನ್ಮಾದದ ದಿನಗಳಲ್ಲಿ ದಾನಪತ್ರಕ್ಕೋ ಕರಾರಿಗೋ ಸಹಿ ಬಿದ್ದುಬಿಟ್ಟಿದ್ದರೆ ಆ ದಿನಗಳ ಆಸ್ಪತ್ರೆ ಚೀಟಿಗಳನ್ನ ಜೋಪಾನ ಮಾಡಿ, ಬೇಗ ವಕೀಲರನ್ನ ನೋಡಿ.

• ಆಸ್ಪತ್ರೆಗೆ ಹೋಗೋದಕ್ಕೆ ಹಿಂಜರಿಯಬೇಡಿ. ನಮ್ಮ ಕಾಲೋನಿಯಿಂದ ನಿಮ್ಹಾನ್ಸ್ ಏನು ದೂರ? ಲಾಲ್‌ಬಾಗ್ ದಾಟಿ ಹೊಸೂರು ರಸ್ತೆ ಸೇರಿದರೆ ಬಂತು. ಆದರೆ ಎಂಬತ್ತರ ಅಜ್ಜನಿಗೆ ಅದು ಈಗಲೂ ಹುಡುಗತನದಲ್ಲಿ ಹೇಳಿ ಹೆದರಿಸುತ್ತಿದ್ದ ಹುಚ್ಚಾಸ್ಪತ್ರೆಯೇ. 1954ರಲ್ಲೇ ಅಲ್ಲಿ ಅಖಿಲ ಭಾರತ ಮಟ್ಟದ ಸಂಸ್ಥೆ ಬಂತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಪಾರ್ಶ್ವವಾಯುವಿನವರು, ಮೂರ್ಛೆ ರೋಗದವರು, ತಲೆಗೆ ಪೆಟ್ಟು ಬಿದ್ದವರು ಎಲ್ಲರೂ ಅದೇ ಗೇಟಿನೊಳಗೆ ಹೋಗ್ತಾರೆ. 'ನರದ ಡಾಕ್ಟರೂ ಅಲ್ಲೇ ಇದ್ದಾರೆ, ನಿದ್ದೆ ಬರ್ತಿಲ್ಲವಲ್ಲ, ತೋರಿಸಿ ಬರೋಣ' ಅನ್ನಿ. ಅದು ಸುಳ್ಳೂ ಅಲ್ಲ. ಹಿರಿಯರ ಮನೋರೋಗಕ್ಕೆಂದೇ ಅಲ್ಲಿ ಪ್ರತ್ಯೇಕ ಸೇವೆ ಇದೆ, ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತೆ. ಮಾಮೂಲಿ ಭೇಟಿಗಾದರೆ ಬೆಳಿಗ್ಗೆ ಬೇಗ ಹೋಗಿ, ಮೊಸರನ್ನ ಕಟ್ಟಿಕೊಂಡು ಹೋಗಿ, ಕಾಯಬೇಕಾಗುತ್ತೆ.

• ಯಾರನ್ನ ಕೇಳಬೇಕು ಅಂತಲೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಬೇರೆ ತೊಂದರೆಗಳಿಗೆ 14567 ಇದೆ. ಎರಡನ್ನೂ ಫ್ರಿಜ್ಜಿನ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಮೊಬೈಲಿನಲ್ಲಿ ಸೇವ್ ಮಾಡಿದ ನಂಬರ್ ಗಾಬರಿಯಲ್ಲಿ ಸಿಗೋದಿಲ್ಲ.

• ಒಂದೇ ಒಂದು ಫೈಲ್ ಮಾಡಿ. ಹಳೆಯ ಚೀಟಿ, ರಕ್ತಪರೀಕ್ಷೆ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಅದರಲ್ಲಿರಲಿ. ಕಣ್ಣಿನ ಡಾಕ್ಟರಿಗೂ ಹಲ್ಲಿನ ಡಾಕ್ಟರಿಗೂ ಅದನ್ನೇ ತೋರಿಸಿ.

ಈಗ ಲಿಥಿಯಂ ವಿಷಯಕ್ಕೆ ಬರ್ತೀನಿ. ಇದನ್ನ ಸ್ವಲ್ಪ ಉದ್ದವಾಗಿಯೇ ಹೇಳಬೇಕು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ವೈದ್ಯರು ಉನ್ಮಾದಕ್ಕೆ ಇದು ಕೆಲಸ ಮಾಡುತ್ತೆ ಅಂತ ತೋರಿಸಿದರು, ಇವತ್ತಿಗೂ ಇದಕ್ಕೆ ಸಮನಾದದ್ದು ಕಡಿಮೆ. ಬೆಲೆಯೂ ಕಡಿಮೆ. ಆದರೆ ಸಾಕಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಸಣ್ಣದು. ವಯಸ್ಸಾದಂತೆ ಮೂತ್ರಪಿಂಡದ ಕೆಲಸ ನಿಧಾನವಾಗೋದರಿಂದ ಆ ಅಂತರ ಇನ್ನೂ ಕಿರಿದಾಗುತ್ತೆ. ಹೆದರಬೇಕಾಗಿಲ್ಲ, ಗಮನ ಇದ್ದರೆ ಸಾಕು.

• ನೀರು ಕುಡಿಸಿ, ದಿನವೂ ಒಂದೇ ಹದದಲ್ಲಿ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತೆ. ರಾತ್ರಿ ಬಚ್ಚಲಿಗೆ ಏಳಬೇಕಾಗುತ್ತಲ್ಲ ಅಂತ ಅಜ್ಜಿಯರು ಸಂಜೆಯಿಂದಲೇ ನೀರು ಬಿಟ್ಟುಬಿಡ್ತಾರೆ, ಕೇಳಿದರೆ ಕುಡಿದೆ ಅಂತಾರೆ. ಒಂದು ತಂಬಿಗೆಯಲ್ಲಿ ತುಂಬಿಟ್ಟು ಸಂಜೆಯೊಳಗೆ ಖಾಲಿ ಮಾಡಿಸಿ, ಆಗ ಅಳತೆಯೂ ಸಿಗುತ್ತೆ, ರಾತ್ರಿ ಏಳೋದೂ ತಪ್ಪುತ್ತೆ. ಹೃದಯಕ್ಕೋ ಕಿಡ್ನಿಗೋ ತೊಂದರೆ ಇದ್ದು ನೀರು ಮಿತವಾಗಿರಲಿ ಅಂದಿದ್ದರೆ ಎಷ್ಟು ಅಂತ ವೈದ್ಯರಿಂದಲೇ ಬರೆಸಿಕೊಳ್ಳಿ.

• ಏಕಾದಶಿ. ಇದನ್ನ ನಮ್ಮ ಬಸವನಗುಡಿ ಕಡೆಯವರಿಗೆ ಒತ್ತಿ ಹೇಳಲೇಬೇಕು. ನಿರ್ಜಲ ಏಕಾದಶಿ ಮಾಡಿ, ಮಾತ್ರೆ ಮಾತ್ರ ಒಂದು ಗುಟುಕು ತೀರ್ಥದಲ್ಲಿ ನುಂಗಿ, ಮಾರನೆಯ ದಿನ ದ್ವಾದಶಿ ಪಾರಣೆಯ ಹೊತ್ತಿಗೆ ಕೈನಡುಕ, ವಾಂತಿ ಶುರುವಾದದ್ದನ್ನ ನಾನು ಕಂಡಿದ್ದೀನಿ. ಲಿಥಿಯಂ ತಗೊಳ್ಳುವವರಿಗೆ ನೀರಿಲ್ಲದ ಉಪವಾಸ ಬೇಡವೇ ಬೇಡ. ಮನೆಯವರು ಹೇಳಿದರೆ ಹಿರಿಯರು ಕೇಳಲ್ಲ. ಅವರು ನಂಬುವ ಆಚಾರ್ಯರ ಹತ್ತಿರ ಕರೆದುಕೊಂಡು ಹೋಗಿ, ಕಾಯಿಲೆಯವರಿಗೆ ವಿನಾಯಿತಿ ಇದೆ ಅನ್ನೋದನ್ನ ಅವರ ಬಾಯಿಂದಲೇ ಹೇಳಿಸಿ. ಹಾಲು, ಹಣ್ಣು, ನೀರು ತಗೊಂಡು ಮಾಡಲಿ, ಊಟದ ವಿಷಯ ವೈದ್ಯರನ್ನ ಕೇಳಿ.

• ಉಪ್ಪನ್ನ ಇದ್ದಕ್ಕಿದ್ದಂತೆ ಬಿಡಿಸಬೇಡಿ. ಬಿಪಿ ಜಾಸ್ತಿ ಅಂತ ಯಾರೋ ಹೇಳಿದರು, ಮಾರನೆಯ ದಿನದಿಂದ ಮನೆಯಲ್ಲಿ ಸಪ್ಪೆ ಸಾರು. ಉಪ್ಪು ಕಡಿಮೆಯಾದಾಗ ಮೂತ್ರಪಿಂಡ ಲಿಥಿಯಮ್ಮನ್ನ ಹಿಡಿದಿಟ್ಟುಕೊಳ್ಳುತ್ತೆ. ಉಪ್ಪು ಕಡಿಮೆ ಮಾಡಲೇಬೇಕಾದರೆ ಮನೋರೋಗ ತಜ್ಞರಿಗೆ ಹೇಳಿ, ರಕ್ತಪರೀಕ್ಷೆ ಇಟ್ಟುಕೊಂಡು, ನಿಧಾನವಾಗಿ ಮಾಡಿ.

• ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತಂದು ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನೆಪ್ರಾಕ್ಸೆನ್, ಇವೆಲ್ಲ ಲಿಥಿಯಂ ಮಟ್ಟ ಏರಿಸುತ್ತವೆ. ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೆನ್ ಇದೆ, 'ತಲೆನೋವಿನ ಮಾತ್ರೆ ತಾನೇ' ಅನ್ನಬೇಡಿ. ಸಾಮಾನ್ಯವಾಗಿ ಪ್ಯಾರಸಿಟಮಾಲ್ ಪರವಾಗಿಲ್ಲ ಅಂತಾರೆ, ಅದನ್ನೂ ಒಂದು ಸಲ ಕೇಳಿಕೊಳ್ಳಿ. ಅವರ ಕೈಚೀಲ, ದಿಂಬಿನಡಿ, ದೇವರ ಮನೆಯ ಡ್ರಾಯರ್ ನೋಡಿ, ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ನೋವಿನ ಮಾತ್ರೆ ಅಲ್ಲೆಲ್ಲೋ ಇರುತ್ತೆ.

• ಬಿಪಿ ಮಾತ್ರೆ ಬದಲಾದ ದಿನವೇ ಮನೋರೋಗ ತಜ್ಞರಿಗೆ ತಿಳಿಸಿ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ಗುಂಪಿನವು, ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೊಥಯಾಜೈಡ್, ಎಲ್ಲವೂ ಲಿಥಿಯಮ್ಮನ್ನ ಏರಿಸಬಲ್ಲವು. ಹೆಸರಿನ ಕೊನೆಗೆ 'ಎಚ್' ಅಂತ ಸೇರಿಕೊಂಡಿದ್ದರೆ ಬಹುಮಟ್ಟಿಗೆ ಆ ಹೈಡ್ರೋಕ್ಲೋರೊಥಯಾಜೈಡ್ ಒಳಗಿದೆ ಅಂತ. ಹೃದಯದ ಡಾಕ್ಟರ್ ಒಳ್ಳೆಯದಕ್ಕೇ ಬರೆದಿರುತ್ತಾರೆ, ಲಿಥಿಯಂ ವಿಷಯ ಅವರಿಗೆ ಹೇಳದೆ ಇದ್ದದ್ದು ನಾವು.

• ವಾಂತಿ, ಭೇದಿ, ಜೋರು ಜ್ವರ ಬಂದರೆ ಮುಂದಿನ ಲಿಥಿಯಂ ಮಾತ್ರೆ ಕೊಡುವ ಮೊದಲೇ ವೈದ್ಯರಿಗೆ ಫೋನ್ ಮಾಡಿ ಕೇಳಿ. ಕೈ ಸಣ್ಣಗೆ ಅದುರೋದು ಕೆಲವರಿಗೆ ಮಾಮೂಲು. ಆದರೆ ಕಾಫಿ ಲೋಟ ಚೆಲ್ಲುವಷ್ಟು ನಡುಕ, ತೊದಲು, ತೂರಾಡುವ ನಡಿಗೆ, ಮಂಕು, ಇವು ಲಿಥಿಯಂ ವಿಷವಾಗುತ್ತಿರುವ ಗುರುತು. ಬೆಳಗಾಗಲಿ ಅನ್ನಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.

• ಲಿಥಿಯಂ ಮಟ್ಟದ ರಕ್ತಪರೀಕ್ಷೆಗೆ ಹೊತ್ತು ಮುಖ್ಯ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆಗಿರಬೇಕು. ರಾತ್ರಿ ಒಂಬತ್ತಕ್ಕೆ ಕೊಟ್ಟರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟು ಬಂದ ಮೇಲೆ ಕೊಡಿ. ಲ್ಯಾಬಿನ ಹುಡುಗ ಮನೆಗೇ ಬರ್ತೀನಿ ಅಂದು ಆರೂವರೆಗೇ ಬೆಲ್ ಮಾಡ್ತಾನೆ, ಇಲ್ಲಪ್ಪ ಒಂಬತ್ತಕ್ಕೆ ಬಾ ಅನ್ನಿ. ಬೇಗ ತೆಗೆದ ರಕ್ತದಲ್ಲಿ ಮಟ್ಟ ಇರೋದಕ್ಕಿಂತ ಜಾಸ್ತಿ ಕಾಣುತ್ತೆ, ಸುಮ್ಮಸುಮ್ಮನೆ ಡೋಸ್ ಇಳಿಸಿಬಿಟ್ಟರೆ ಮತ್ತೆ ಏರು.

• ವರದಿಯ ಪಕ್ಕದಲ್ಲಿ ಅಚ್ಚಾದ ಅಂಕಿ ನೋಡಿ ನೀವೇ ತೀರ್ಮಾನ ಮಾಡಬೇಡಿ. ಅಲ್ಲಿ ಸಾಮಾನ್ಯವಾಗಿ 0.6ರಿಂದ 1.2 ಅಂತ ಇರುತ್ತೆ, ಅದು ಪ್ರಾಯದವರ ಲೆಕ್ಕ. ಹಿರಿಯರಿಗೆ ವೈದ್ಯರು ಸುಮಾರು 0.4ರಿಂದ 0.8ರೊಳಗೆ ಇಡಲು ನೋಡ್ತಾರೆ. ಹಾಗಾಗಿ 0.5 ಬಂದರೆ 'ಕಡಿಮೆ' ಅಂತ ಗಾಬರಿ ಬೇಡ. 1.1 ಬಂದರೆ 'ನಾರ್ಮಲ್' ಅಂತ ಫೈಲಿಗೆ ಸೇರಿಸಿ ಮರೆಯೋದಂತೂ ಬೇಡವೇ ಬೇಡ.

• ಎಲ್ಲ ಸರಿಯಾಗಿದ್ದರೂ ಮೂರರಿಂದ ಆರು ತಿಂಗಳಿಗೊಮ್ಮೆ ಲಿಥಿಯಂ ಮಟ್ಟ, ಜೊತೆಗೆ ಕ್ರಿಯಾಟಿನಿನ್, ಥೈರಾಯ್ಡ್ ನೋಡಿಸಿ. ವರ್ಷಕ್ಕೊಮ್ಮೆ ಕ್ಯಾಲ್ಸಿಯಂ ಕೂಡ. ಯುಗಾದಿ, ಗೌರಿಹಬ್ಬ, ಸಂಕ್ರಾಂತಿ ಅಂತ ಹಬ್ಬಕ್ಕೆ ಜೋಡಿಸಿಕೊಂಡರೆ ಮರೆಯಲ್ಲ.

• ಕಾಫಿ ಬಿಡಿಸಬೇಕು ಅಂತ ಒಂದೇ ದಿನಕ್ಕೆ ಡಿಕಾಕ್ಷನ್ ಬಂದ್ ಮಾಡಬೇಡಿ. ಕಾಫಿ ಲಿಥಿಯಮ್ಮನ್ನ ಸ್ವಲ್ಪ ಹೊರಗೆ ಹಾಕುತ್ತಿರುತ್ತೆ, ಹಠಾತ್ತನೆ ನಿಂತರೆ ಮಟ್ಟ ಏರುತ್ತೆ. ಬೆಳಿಗ್ಗೆ ಕೊಡಿ, ಮಧ್ಯಾಹ್ನದ್ದು ಅರ್ಧ ಲೋಟ ಮಾಡಿ, ಸಂಜೆಯದು ನಿಧಾನವಾಗಿ ತಪ್ಪಿಸಿ. ಸಂಜೆಯ ಕಾಫಿ ನಿದ್ದೆ ಕೆಡಿಸುತ್ತೆ.

• ಚೆನ್ನಾಗಿದ್ದಾರಲ್ಲ ಅಂತ ಲಿಥಿಯಂ ನಿಲ್ಲಿಸಬೇಡಿ. ಚೆನ್ನಾಗಿರೋದೇ ಅದರಿಂದ. ಹಠಾತ್ತನೆ ನಿಲ್ಲಿಸಿದರೆ ಏರು ಇನ್ನೂ ಜೋರಾಗಿ ವಾಪಸ್ ಬರುತ್ತೆ.

ಉಳಿತಾಯದ ಮಾತು ಹೇಳ್ತೀನಿ ಅಂದಿದ್ದೆ, ಅದರಿಂದ ಶುರು ಮಾಡಿ ಉಳಿದ ಮಾತುಗಳನ್ನೂ ಹೇಳಿಬಿಡ್ತೀನಿ.

• ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಬಹಳ ಮಾತ್ರೆಗಳು ಅಲ್ಲಿ ಅಗ್ಗ. ಆದರೆ ಸ್ಟ್ರಿಪ್ ಬದಲಾದಾಗ ಡಾಕ್ಟರಿಗೆ ತೋರಿಸಿ. ಸಾದಾ ಲಿಥಿಯಂ ಬೇರೆ, ನಿಧಾನವಾಗಿ ಕರಗುವ 'ಎಸ್‌ಆರ್' ಬೇರೆ, ಮಿಲಿಗ್ರಾಂ ಅಂಕಿಯೂ ಬೇರೆ ಇರುತ್ತೆ. ಎಸ್‌ಆರ್ ಮಾತ್ರೆಯನ್ನ ನುಂಗೋಕೆ ಕಷ್ಟ ಅಂತ ಪುಡಿ ಮಾಡಿ ಬೆಲ್ಲದ ನೀರಿನಲ್ಲಿ ಕಲಸಬೇಡಿ, ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಸೇರಿಬಿಡುತ್ತೆ.

• ಡೋಸ್ ಬದಲಾದ ಮೇಲೆ ಉಳಿದ ಹಳೆಯ ಮಾತ್ರೆಗಳನ್ನ 'ಯಾವಾಗಲಾದರೂ ಬೇಕಾಗುತ್ತೆ' ಅಂತ ಇಟ್ಟುಕೊಳ್ಳಬೇಡಿ. ನಮ್ಮ ಪೀಳಿಗೆಯವರಿಗೆ ಬಿಸಾಡೋದು ಅಂದರೆ ಜೀವ ಹೋದ ಹಾಗೆ, ನನಗೆ ಗೊತ್ತು. ಆದರೂ ಬೇಡ.

• ವಾರದ ಏಳು ಖಾನೆಯ ಮಾತ್ರೆ ಡಬ್ಬಿ ತನ್ನಿ. ಭಾನುವಾರ ಸಂಜೆ ತುಂಬಿಸಿ. ಕೊಟ್ಟೆನೋ ಇಲ್ಲವೋ ಅನ್ನುವ ಅನುಮಾನದಲ್ಲಿ ಎರಡು ಸಲ ಕೊಡೋದು ತಪ್ಪುತ್ತೆ. ಉಳಿದ ದಾಸ್ತಾನು ನಿಮ್ಮ ಬೀರುವಿನಲ್ಲಿ, ಬೀಗದೊಳಗೆ.

• ಎಲ್ಲರಿಗೂ ಲಿಥಿಯಮ್ಮೇ ಅಂತಲ್ಲ. ವ್ಯಾಲ್ಪ್ರೊಯೇಟ್ ಕೊಟ್ಟಿದ್ದರೆ ಮಂಪರು, ಕೈನಡುಕ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಬರ್ತಿದೆಯೇ ನೋಡಿ. ಕ್ವೆಟಿಯಾಪಿನ್, ಒಲಾಂಜಪಿನ್ ಇದ್ದರೆ ತೂಕ, ಶುಗರ್ ನೋಡುತ್ತಿರಿ. ಎದ್ದು ನಿಂತ ಕೂಡಲೆ ಬಿಪಿ ಇಳಿದು ತಲೆ ಸುತ್ತುತ್ತೆ. ಹಾಸಿಗೆಯಿಂದ ಏಳುವಾಗ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ನಿಲ್ಲಿಸಿ. ನಮ್ಮ ಹಳೆಯ ಮನೆಗಳ ಕೆಂಪು ಗಾರೆ ನೆಲ ನೀರು ಬಿದ್ದರೆ ಎಣ್ಣೆ ಸುರಿದಂತಿರುತ್ತೆ. ಬಚ್ಚಲಿಗೆ ಹಿಡಿಕೆ ಹಾಕಿಸಿ, ದಾರಿಯಲ್ಲಿ ಸಣ್ಣ ದೀಪ ಇಡಿ. ಸೊಂಟದ ಮೂಳೆ ಮುರಿದರೆ ಮನಸ್ಸಿನ ಕಾಯಿಲೆಗಿಂತ ದೊಡ್ಡ ಕಷ್ಟ.

• ನಿದ್ದೆ ಮಾತ್ರೆ ನೀವಾಗಿ ಕೊಡಬೇಡಿ. ಗಲಿಬಿಲಿಯೂ ಹೆಚ್ಚು, ಬೀಳೋದೂ ಹೆಚ್ಚು.

• ಶಕ್ತಿಗೆ, ನೆನಪಿಗೆ ಅಂತ ಲೇಹ್ಯ, ಚೂರ್ಣ ತರುವ ಮುಂಚೆ ಡಾಕ್ಟರಿಗೆ ಹೆಸರು ಹೇಳಿ. ಬೇಡ ಅಂತಲ್ಲ, ಎರಡು ಔಷಧಿ ಒಂದಕ್ಕೊಂದು ಜಗಳವಾಡದಿರಲಿ ಅಂತ. ಯೋಗವನ್ನಂತೂ ನಿಮ್ಹಾನ್ಸ್‌ನಲ್ಲೇ ಕಲಿಸ್ತಾರೆ.

• ಜಾಗರಣೆ ಬೇಡ. ಶಿವರಾತ್ರಿಯಾಗಲಿ, ವೈಕುಂಠ ಏಕಾದಶಿಯ ಬೆಳಗಿನ ಜಾವದ ಸಾಲಾಗಲಿ. ಒಂದು ರಾತ್ರಿಯ ನಿದ್ದೆ ಕೆಟ್ಟರೂ ಕೆಲವರಿಗೆ ಏರು ಶುರುವಾಗಿಬಿಡುತ್ತೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ ಬಂದುಬಿಡಿ, ಸಂಜೆಯ ಪೀಪಿ ಗದ್ದಲಕ್ಕೆ ಬೇಡ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿ ಬಿಡು ಅಂದರೆ ನಮ್ಮತ್ತೆ ಅತ್ತುಬಿಡುತ್ತಿದ್ದರು, ಹಾಗಾಗಿ ನಾನು ತನಿ ಆವರ್ತನ ಮುಗಿದ ಕೂಡಲೆ ಆಟೋ ಹಿಡಿಯುತ್ತಿದ್ದೆ. ಸಂಗೀತ ಕಸಿದುಕೊಳ್ಳಬೇಡಿ, ಮನೆ ಸೇರುವ ಹೊತ್ತನ್ನ ಮಾತ್ರ ಕಾಪಾಡಿ.

• ಔಷಧಿಗೆ ಬಗ್ಗದಿದ್ದಾಗ, ಊಟ ನೀರು ಬಿಟ್ಟುಬಿಟ್ಟಾಗ, ವೈದ್ಯರು ಇಸಿಟಿ ಅನ್ನಬಹುದು. ಕರೆಂಟ್ ಕೊಡೋದು ಅಂತ ಹಳೆಯ ಸಿನಿಮಾ ನೆನೆದು ನಡುಗಬೇಡಿ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ಕೆಲವು ದಿನ ನೆನಪು ಮಸುಕಾಗಬಹುದು, ಅದನ್ನ ಮೊದಲೇ ಕೇಳಿ ತಿಳಿದುಕೊಳ್ಳಿ.

• ಅದೇ ಕಾಯ್ದೆ ಇನ್ನೊಂದು ಒಳ್ಳೆಯ ಅವಕಾಶ ಕೊಟ್ಟಿದೆ. ಚೆನ್ನಾಗಿರುವಾಗ ಹಿರಿಯರು ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ಮುಂಚಿತವಾಗಿ ಬರೆದಿಡಬಹುದು. ಮೂವರು ಮಕ್ಕಳಿದ್ದರೆ ಇದನ್ನ ಖಂಡಿತ ಮಾಡಿಸಿ, ಆಸ್ಪತ್ರೆ ಬಾಗಿಲಲ್ಲಿ ಅಣ್ಣತಮ್ಮಂದಿರ ವಾದ ನಡೆಯಬಾರದು. ಆರೋಗ್ಯ ವಿಮೆಯವರು ಮೈಯ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ರಕ್ಷಣೆ ಕೊಡಬೇಕು ಅಂತಲೂ ಅದರಲ್ಲಿದೆ. ಪಾಲಿಸಿ ತೆಗೆದು ಓದಿ, ಕ್ಲೇಮ್ ಕೇಳಲು ನಾಚಿಕೆಪಡಬೇಡಿ.

• ಏರು ಇಳಿದ ಮೇಲೆ ಮನೆಯವರು ನಿಟ್ಟುಸಿರು ಬಿಟ್ಟು ಮಲಗ್ತಾರೆ. ಆಗಲೇ ಎಚ್ಚರ ಬೇಕು. ಮಾಡಿದ ಖರ್ಚು, ಆಡಿದ ಮಾತು ಎಲ್ಲ ಹಿರಿಯರಿಗೆ ನೆನಪಾಗಿ ಕುಗ್ಗಿಹೋಗ್ತಾರೆ. ನಗುನಗುತ್ತಾ ಕೂಡ ಅದನ್ನ ಎತ್ತಬೇಡಿ. 'ಸಾಕಾಯಿತು, ದೇವರು ಕರೆದುಕೊಳ್ಳಲಿ' ಅಂದರೆ ವಯಸ್ಸಾದವರ ಮಾತು ಅಂತ ತಳ್ಳಿಹಾಕಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ, 'ಸಾಯಬೇಕು ಅನ್ನಿಸುತ್ತಾ ಅಮ್ಮ?' ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನೋದು ತಪ್ಪು, ಹೇಳಿಕೊಂಡರೆ ಭಾರ ಇಳಿಯುತ್ತೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ವೈದ್ಯರಿಗೆ ಹೇಳಿ.

• ಸ್ವಲ್ಪ ದಿನ ಮರೆವು, ನಿಧಾನ ಇದ್ದರೆ ಅಲ್ಜೈಮರ್ಸ್ ಅಂತ ನೀವೇ ಹೆಸರಿಡಬೇಡಿ. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ದಿನವೂ ಒಂದೇ ಹೊತ್ತಿಗೆ ಎಬ್ಬಿಸಿ, ಬಿಸಿಲು ಏರುವ ಮೊದಲು ಬ್ಯೂಗಲ್ ರಾಕ್ ಕಡೆ ಒಂದು ಸುತ್ತು ಹಾಕಿಸಿ, ಸೊಪ್ಪು ಬಿಡಿಸೋದು, ಹೂ ಕಟ್ಟೋದು ಕೈಗೆ ಕೊಡಿ.

• ನೋಡಿಕೊಳ್ಳುವವರು ಪಾಳಿ ಹಾಕಿಕೊಳ್ಳಿ. ರಾತ್ರಿ ಒಬ್ಬರೇ ಎದ್ದಿದ್ದು ಹಗಲು ಅಡುಗೆಯನ್ನೂ ಮಾಡಿದರೆ ನಾಲ್ಕನೆಯ ದಿನಕ್ಕೆ ನೀವೂ ಮಲಗ್ತೀರಿ. ದೂರದಲ್ಲಿರುವ ಮಕ್ಕಳು 'ಅಮ್ಮ ವಿಡಿಯೋ ಕಾಲಿನಲ್ಲಿ ಚೆನ್ನಾಗೇ ಮಾತಾಡಿದರಲ್ಲ' ಅನ್ನಬೇಡಿ. ಏರಿನ ಆರಂಭದಲ್ಲಿ ಹತ್ತು ನಿಮಿಷ ಎಲ್ಲರೂ ಚೆನ್ನಾಗಿ ಮಾತಾಡ್ತಾರೆ. ಜೊತೆಗಿರುವ ಅತ್ತಿಗೆಯ ಮಾತು ನಂಬಿ, ರಾತ್ರಿ ಹೋಮ್ ನರ್ಸಿನ ದುಡ್ಡು ನೀವು ಕಳಿಸಿ.

• ಹಿರಿಯರನ್ನ ಅಮೆರಿಕಕ್ಕೆ ಕರೆಸಿಕೊಳ್ಳುವುದಾದರೆ ಟಿಕೆಟ್ ತೆಗೆಯುವ ಮೊದಲು ಇಲ್ಲಿನ ಡಾಕ್ಟರನ್ನ ಕೇಳಿ. ಹಗಲು ರಾತ್ರಿ ತಿರುವುಮುರುವಾದರೆ ನಿದ್ದೆ ಕೆಡುತ್ತೆ, ನಿದ್ದೆ ಕೆಟ್ಟರೆ ಏರು. ವಿಮಾನದಲ್ಲಿ ಮಾತ್ರೆಯನ್ನ ಯಾವ ಗಡಿಯಾರ ನೋಡಿ ಕೊಡಬೇಕು ಅಂತ ಬರೆಸಿಕೊಳ್ಳಿ. ಮಾತ್ರೆಗಳನ್ನ ಚೀಟಿಯ ಸಮೇತ ಕೈಚೀಲದಲ್ಲೇ ಇಡಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಹೊರಡುವ ಮುಂಚೆ ಒಂದು ಲಿಥಿಯಂ ಪರೀಕ್ಷೆ ಮಾಡಿಸಿ, ಮುಂದಿನದು ಯಾವಾಗ ಬರುತ್ತೆ ಅಂತ ಲೆಕ್ಕ ಹಾಕಿ. ಅಷ್ಟರೊಳಗೆ ಅಲ್ಲಿ ಯಾವ ವೈದ್ಯರಿಗೆ ತೋರಿಸೋದು ಅಂತ ಮಗನೋ ಮಗಳೋ ಈಗಲೇ ಗೊತ್ತು ಮಾಡಿಟ್ಟಿರಲಿ.